ಮೆಕ್ಸಿಕೊದ ಮಾದಕ ದಂಧೆ: ಸೇನೆಯಿಂದ ಆಗುವುದೆಷ್ಟು?

ನೆರೆ ಬಂದಾಗ, ಭೂಕಂಪವಾದಾಗ, ಗಲಭೆಗಳು ಪೊಲೀಸರ ಕೈಮೀರಿದಾಗ ಸರಕಾರಗಳು ಸೇನೆಯನ್ನು ಕರೆಸಿಕೊಳ್ಳುವುದುಂಟು. 1992-93ರ ಆ ಕರಾಳ ದಿನಗಳಲ್ಲಿ ಮುಂಬಯಿಯ ಬೀದಿಗಳಲ್ಲಿ ಸೇನೆಯ ವಾಹನಗಳನ್ನು ಕಂಡ ನಮ್ಮಲ್ಲಿ ಅನೇಕರಿಗೆ ಆ ದೃಶ್ಯ ತಂದುಕೊಟ್ಟ ನೆಮ್ಮದಿ ಇಂದಿಗೂ ನೆನಪಿರಬಹುದು. ಆದರೆ ಆ ಯೋಧರು ಬಂದ ಕೆಲಸ ಮುಗಿಸಿ ತಮ್ಮ ಶಿಬಿರಗಳಿಗೆ ಮರಳಿದರು ಎಂಬುದೂ ಅಷ್ಟೇ ಮುಖ್ಯವಾದ ಸಂಗತಿ. ಹಾಗೆ ಮರಳದೇ ಹೋದರೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಬೇಕಿದ್ದವರು ಮೆಕ್ಸಿಕೊ ದೇಶದ ಕಳೆದ ಎರಡು ದಶಕಗಳ ಇತಿಹಾಸವನ್ನು ಗಮನಿಸಬೇಕು.

2006ರ ಡಿಸೆಂಬರ್ 1ರಂದು ಅಧ್ಯಕ್ಷ ಪದವಿಗೇರಿದ ಫೆಲಿಪೆ ಕಾಲ್ಡೆರಾನ್, ಹತ್ತೇ ದಿನಗಳಲ್ಲಿ ತಮ್ಮ ತವರು ರಾಜ್ಯವಾದ ಮಿಚೊವಾಕಾನ್‌ಗೆ ಸುಮಾರು 6,500 ಮಂದಿಯ ಪಡೆಯನ್ನು ಕಳುಹಿಸಿದರು. ಮಾದಕ ದ್ರವ್ಯದ ಕಾರ್ಟೆಲ್‌ಗಳ ವಿರುದ್ಧ ಸಮರ ಆರಂಭವಾದದ್ದು ಹೀಗೆ. ಅಂದಿನ ಪರಿಸ್ಥಿತಿಯಲ್ಲಿ ಅವರಿಗೆ ಬೇರೆ ದಾರಿ ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ. ಅಲ್ಪ ಸಂಬಳದ ಪುರಸಭಾ ಪೊಲೀಸರ ಮುಂದೆ ಕಾರ್ಟೆಲ್‌ಗಳು ಇಡುತ್ತಿದ್ದುದು ಒಂದೇ ಪ್ರಶ್ನೆ: ಬೆಳ್ಳಿ ಬೇಕೋ, ಸೀಸ ಬೇಕೋ? ಎಂದರೆ ಲಂಚವೋ, ಗುಂಡೋ? ಬೇಲಿಯೇ ಎದ್ದು ಹೊಲ ಮೇಯುವ ಸ್ಥಿತಿಯಲ್ಲಿ, ಜನರ ವಿಶ್ವಾಸ ಉಳಿದಿದ್ದ ಸಂಸ್ಥೆಯೆಂದರೆ ಸೇನೆ ಮಾತ್ರ. ಶಾಂತಿಕಾಲದಲ್ಲಿ ಸೇನೆಯ ಅಧಿಕಾರ ಸೈನಿಕ ಶಿಸ್ತಿಗೆ ಸಂಬಂಧಿಸಿದ ಕಾರ್ಯಗಳನ್ನು ಮೀರಬಾರದೆಂದು 1917ರ ಸಂವಿಧಾನದ 129ನೆಯ ವಿಧಿ ಹೇಳುತ್ತಿದ್ದರೂ, ಇದು ತಾತ್ಕಾಲಿಕ ಕ್ರಮವೆಂದು ದೇಶ ನಂಬಿತು.

ಪರಿಣಾಮವನ್ನು ಅಂಕಿ ಅಂಶಗಳೇ ಹೇಳುತ್ತವೆ. 2007ರಲ್ಲಿ ಸುಮಾರು 9,000ದಷ್ಟಿದ್ದ ಕೊಲೆಗಳ ಸಂಖ್ಯೆ 2011ರಲ್ಲಿ 27,000ವನ್ನೂ, 2018ರಲ್ಲಿ 36,000ವನ್ನೂ ಮೀರಿತು. ನಾಪತ್ತೆಯಾದವರ ಅಧಿಕೃತ ಪಟ್ಟಿ 2022ರಲ್ಲಿ ಒಂದು ಲಕ್ಷವನ್ನು ದಾಟಿತು. ಮಗನ ಎಲುಬುಗಳಾದರೂ ಸಿಕ್ಕಾವೆಂದು ಸಲಿಕೆ ಹಿಡಿದು ಬಯಲುಗಳನ್ನು ಅಗೆಯುವ ತಾಯಂದಿರ ತಂಡಗಳು ಇಂದು ಆ ದೇಶದ ಅನೇಕ ರಾಜ್ಯಗಳಲ್ಲಿವೆ.

ಹಾಗಾದರೆ ಸೇನೆ ಸೋತಿತೇ? ಕಾಳಗಗಳಲ್ಲಿ ಸೋಲಲಿಲ್ಲ. 2009ರ ಡಿಸೆಂಬರ್‌ನಲ್ಲಿ ನೌಕಾದಳದ ಯೋಧರು ಆರ್ತುರೊ ಬೆಲ್ಟ್ರಾನ್ ಲೇವಾ ಎಂಬ ಕಾರ್ಟೆಲ್ ಮುಖ್ಯಸ್ಥನನ್ನು ಹತ್ಯೆಗೈದರು. ಸಿನಲೋವಾ ಕಾರ್ಟೆಲ್‌ನ ‘ಎಲ್ ಚಾಪೊ’ ಗುಸ್ಮಾನ್ 2014ರಲ್ಲಿ ಸೆರೆ ಸಿಕ್ಕಿ, 2015ರಲ್ಲಿ ಸುರಂಗದ ಮೂಲಕ ಜೈಲಿನಿಂದ ಪರಾರಿಯಾಗಿ, 2016ರಲ್ಲಿ ಮತ್ತೆ ಸಿಕ್ಕಿಬಿದ್ದು, ಈಗ ಅಮೆರಿಕದಲ್ಲಿ ಆಜೀವ ಶಿಕ್ಷೆ ಅನುಭವಿಸುತ್ತಿದ್ದಾನೆ. ಆದರೆ ಒಬ್ಬ ನಾಯಕ ಬಿದ್ದೊಡನೆ ಅವನ ಗುಂಪು ಒಡೆಯುತ್ತದೆ. ಒಡೆದ ತುಣುಕುಗಳು ಪರಸ್ಪರ ಕಾದಾಡುತ್ತವೆ. ಅದೇ ಕಾರ್ಟೆಲ್‌ನ ಹಿರಿಯ ಇಸ್ಮಾಯೆಲ್ ಸಂಬಾಡಾ 2024ರ ಜುಲೈನಲ್ಲಿ ಅಮೆರಿಕದಲ್ಲಿ ಬಂಧಿತನಾದ ಮೇಲೆ, ಸೆಪ್ಟೆಂಬರ್‌ನಿಂದ ಕುಲಿಯಾಕಾನ್ ನಗರದಲ್ಲಿ ನಡೆದ ಅಂತಃಕಲಹವೇ ಇದಕ್ಕೆ ಸಾಕ್ಷಿ.

ಈ ಸಮರದಲ್ಲಿ ಸೈನಿಕರು ತೆತ್ತ ಬೆಲೆಯನ್ನು ಮರೆಯಲಾಗದು. ಬೆಲ್ಟ್ರಾನ್ ಲೇವಾ ವಿರುದ್ಧದ ಕಾರ್ಯಾಚರಣೆಯಲ್ಲಿ ಮಡಿದ ತರುಣ ಯೋಧನೊಬ್ಬನಿಗೆ ಸರಕಾರಿ ಗೌರವಗಳೊಂದಿಗೆ ಅಂತ್ಯಸಂಸ್ಕಾರವಾಯಿತು. ಅದಾದ ಕೆಲವೇ ಗಂಟೆಗಳಲ್ಲಿ ಬಂದೂಕುಧಾರಿಗಳು ಅವನ ಮನೆಗೆ ನುಗ್ಗಿ ತಾಯಿಯನ್ನೂ ಒಡಹುಟ್ಟಿದವರನ್ನೂ ಕೊಂದರು. ಗಡಿಯಲ್ಲಿ ಹೋರಾಡುವ ಸೈನಿಕನ ಮನೆ ಶತ್ರುವಿನಿಂದ ದೂರವಿರುತ್ತದೆ; ತನ್ನದೇ ಊರಿನಲ್ಲಿ ಹೋರಾಡುವವನಿಗೆ ಆ ಭಾಗ್ಯವಿಲ್ಲ.

ಇನ್ನೊಂದು ನಷ್ಟ ಸೇನೆಯ ಶೀಲಕ್ಕೆ ಸಂಬಂಧಿಸಿದ್ದು. ಪೊಲೀಸರನ್ನು ಕೆಡಿಸಿದ ಹಣಕ್ಕೆ ಸಮವಸ್ತ್ರದ ಬಣ್ಣ ಗೊತ್ತಾಗುವುದಿಲ್ಲ. ದೇಶದ ಮಾದಕ ದ್ರವ್ಯ ನಿಗ್ರಹ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜನರಲ್ ಗುಟಿಯೆರೆಸ್ ರೆಬೊಯೊ ಅವರೇ ಒಬ್ಬ ಕಾರ್ಟೆಲ್ ದೊರೆಗೆ ನೆರವಾಗುತ್ತಿದ್ದರೆಂದು 1997ರಲ್ಲಿ ಬಂಧಿತರಾಗಿದ್ದರು. ಅತ್ಯಂತ ಕ್ರೂರಿಗಳೆಂದು ಹೆಸರಾದ ‘ಸೆಟಾಸ್’ ಗುಂಪನ್ನು ಕಟ್ಟಿದವರು ಸೇನೆಯ ವಿಶೇಷ ಪಡೆಗಳನ್ನು ತೊರೆದು ಹೋದವರು. 2014ರ ಜೂನ್‌ನಲ್ಲಿ ತ್ಲಾತ್ಲಾಯಾದ ಉಗ್ರಾಣವೊಂದರಲ್ಲಿ 22 ಮಂದಿ ಹತರಾದಾಗ ಅದು ಗುಂಡಿನ ಕಾಳಗವೆಂದು ಸೇನೆ ಹೇಳಿತು. ಅವರಲ್ಲಿ ಕನಿಷ್ಠ 12 ಮಂದಿಯನ್ನು ಶರಣಾದ ಬಳಿಕ ಕೊಲ್ಲಲಾಯಿತೆಂದು ಮಾನವ ಹಕ್ಕುಗಳ ಆಯೋಗ ಕಂಡುಕೊಂಡಿತು. ಇನ್ನು ಕಾಲ್ಡೆರಾನ್ ಅವರ ಭದ್ರತಾ ಸಚಿವರಾಗಿ ಈ ಸಮರದ ಮುಂಚೂಣಿಯಲ್ಲಿದ್ದ ಗಾರ್ಸಿಯಾ ಲೂನಾ, ಸಿನಲೋವಾ ಕಾರ್ಟೆಲ್‌ನಿಂದ ಲಂಚ ಪಡೆದ ಪ್ರಕರಣದಲ್ಲಿ 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ತಪ್ಪಿತಸ್ಥರೆಂದು ಸಾಬೀತಾಗಿ, 2024ರಲ್ಲಿ 38 ವರ್ಷಗಳಿಗೂ ಮಿಗಿಲಾದ ಸೆರೆವಾಸಕ್ಕೆ ಗುರಿಯಾದರು.

ಸೈನಿಕರನ್ನು ಶಿಬಿರಗಳಿಗೆ ಮರಳಿಸುವುದಾಗಿ ಭರವಸೆ ನೀಡಿದ್ದ ಲೋಪೆಸ್ ಒಬ್ರಾಡೊರ್ 2018ರ ಕೊನೆಯಲ್ಲಿ ಅಧಿಕಾರಕ್ಕೆ ಬಂದರು. ನಡೆದದ್ದು ತದ್ವಿರುದ್ಧ. 2019ರಲ್ಲಿ ಹುಟ್ಟಿದ ನ್ಯಾಷನಲ್ ಗಾರ್ಡ್ ನಾಗರಿಕ ಪಡೆಯೆನಿಸಿಕೊಂಡರೂ ಅದರ ಬಹುಪಾಲು ಸಿಬ್ಬಂದಿ ಸೇನೆಯಿಂದಲೇ ಬಂದವರು. ಅದನ್ನು ಸೇನೆಯ ಅಧೀನಕ್ಕೆ ಒಪ್ಪಿಸುವ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ತಡೆಯಿತು. 2024ರ ಸೆಪ್ಟೆಂಬರ್‌ನಲ್ಲಿ ಸಂವಿಧಾನವನ್ನೇ ತಿದ್ದಿ ಒಪ್ಪಿಸಲಾಯಿತು. ಬಂದರು, ಸುಂಕದ ಕಟ್ಟೆ, ವಿಮಾನ ನಿಲ್ದಾಣ, ರೈಲು ಮಾರ್ಗ ಎಲ್ಲವೂ ಸೇನೆ ಮತ್ತು ನೌಕಾದಳದ ಕೈಸೇರಿದವು. ಹೀಗೆ ತಾತ್ಕಾಲಿಕ ಔಷಧವೆಂದು ಕೊಟ್ಟದ್ದು ದಿನನಿತ್ಯದ ಊಟವಾಯಿತು. ಆದರೆ ಕೊಲೆಯನ್ನು ತನಿಖೆ ಮಾಡಬಲ್ಲ ಪೊಲೀಸ್ ಠಾಣೆ, ಅಂಜದೆ ವಾದಿಸಬಲ್ಲ ಸರಕಾರಿ ವಕೀಲ, ತೀರ್ಪು ಕೊಡಬಲ್ಲ ನ್ಯಾಯಾಧೀಶ, ಇವರನ್ನು ಬೆಳೆಸುವ ಕೆಲಸ ಮಾತ್ರ ಹಿಂದುಳಿಯಿತು. ಇಂದಿಗೂ ಅಲ್ಲಿ ಬಹುಪಾಲು ಕೊಲೆಗಡುಕರಿಗೆ ಶಿಕ್ಷೆಯಾಗುವುದಿಲ್ಲ.

ಬ್ಯಾಂಕಿನ ಉದ್ಯೋಗಿಯಾಗಿ ನನ್ನನ್ನು ಹೆಚ್ಚು ಕಾಡುವುದು ಮತ್ತೊಂದು ಸಂಗತಿ. 2012ರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕು ಅಮೆರಿಕ ಸರಕಾರಕ್ಕೆ ಜಪ್ತಿ, ದಂಡವೆಂದು ಒಟ್ಟು ಸುಮಾರು 190 ಕೋಟಿ ಡಾಲರ್ ತೆರಲು ಒಪ್ಪಿತು. ಮಾದಕ ದಂಧೆಯ 88 ಕೋಟಿ ಡಾಲರಿಗೂ ಅಧಿಕ ಹಣ ಅದರ ಮೂಲಕ ಹರಿದಿತ್ತು. ಮೆಕ್ಸಿಕೊದ ಶಾಖೆಗಳಲ್ಲಿ ದಂಧೆಕೋರರು ಕೌಂಟರಿನ ಕಿಂಡಿಯ ಅಳತೆಗೆ ಸರಿಯಾಗಿ ಪೆಟ್ಟಿಗೆಗಳನ್ನು ಮಾಡಿಸಿ, ನೋಟು ತುಂಬಿ ತಂದುಕೊಡುತ್ತಿದ್ದರಂತೆ! ನಮ್ಮಲ್ಲಿ ಹತ್ತು ಲಕ್ಷ ರೂಪಾಯಿಗೆ ಮೀರಿದ ನಗದು ವ್ಯವಹಾರದ ವರದಿ ಸರಕಾರಕ್ಕೆ ಹೋಗಬೇಕು. ದೊಡ್ಡ ಮೊತ್ತದ ನಗದು ತುಂಬಿದರೆ ಪ್ಯಾನ್ ಕೇಳಬೇಕು. ಕೇಳಿದಾಗ ಗ್ರಾಹಕರು ಮುನಿಸಿಕೊಳ್ಳುವುದೂ ಉಂಟು. ಆ ಪೆಟ್ಟಿಗೆಗಳ ಕಥೆ ಓದಿದ ಮೇಲೆ ಈ ಪ್ರಶ್ನೆಗಳನ್ನು ಕೇಳುವುದು ಕಿರಿಕಿರಿಯೆಂದು ನನಗೆಂದೂ ಅನ್ನಿಸಿಲ್ಲ. ಆ ಪ್ರಕರಣದಲ್ಲಿ ಯಾವ ಬ್ಯಾಂಕ್ ಅಧಿಕಾರಿಯೂ ಜೈಲಿಗೆ ಹೋಗಲಿಲ್ಲ. ಹಳ್ಳಿಗಾಡಿನಲ್ಲಿ ಸೈನಿಕರು ಸಾಯುತ್ತಿದ್ದಾಗ, ಅವರನ್ನು ಕೊಂದ ಬಂದೂಕುಗಳ ಹಣ ತಂಪು ಕೊಠಡಿಗಳಲ್ಲಿ ಲೆಕ್ಕಕ್ಕೆ ಸೇರುತ್ತಿತ್ತು.

ಆ ಬಂದೂಕುಗಳಾದರೂ ಬರುವುದೆಲ್ಲಿಂದ? ಬಹುಪಾಲು ಅಮೆರಿಕದ ಅಂಗಡಿಗಳಿಂದ. ಅಲ್ಲಿನ ತಯಾರಕರ ವಿರುದ್ಧ ಮೆಕ್ಸಿಕೊ 2021ರಲ್ಲಿ ಹೂಡಿದ ದಾವೆಯನ್ನು ಅಮೆರಿಕದ ಸುಪ್ರೀಂ ಕೋರ್ಟು 2025ರ ಜೂನ್‌ನಲ್ಲಿ ತಳ್ಳಿಹಾಕಿತು. ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕ ಈ ಕಾರ್ಟೆಲ್‌ಗಳನ್ನು ಭಯೋತ್ಪಾದಕ ಸಂಘಟನೆಗಳೆಂದು ಸಾರಿತು. ಮಾದಕ ದ್ರವ್ಯ ಉತ್ತರಕ್ಕೆ, ಹಣ ಮತ್ತು ಬಂದೂಕು ದಕ್ಷಿಣಕ್ಕೆ ಹರಿಯುವ ತನಕ ಯಾವ ದೇಶದ ಸೇನೆ ಬಂದರೂ ಫಲ ಬೇರೆಯಾಗದು.

ನಮ್ಮ ಯಕ್ಷಗಾನದ ‘ದೇವಿ ಮಹಾತ್ಮೆ’ಯನ್ನು ಕಂಡವರಿಗೆ ರಕ್ತಬೀಜನ ಪ್ರಸಂಗ ತಿಳಿದೇ ಇದೆ. ಅವನ ರಕ್ತ ನೆಲಕ್ಕೆ ಬಿದ್ದಲ್ಲೆಲ್ಲ ಅಂತಹ ಮತ್ತೊಬ್ಬ ಅಸುರ ಹುಟ್ಟುತ್ತಿದ್ದ. ಖಡ್ಗವೊಂದರಿಂದಲೇ ಅವನು ಅಳಿಯಲಿಲ್ಲ. ರಕ್ತ ನೆಲಕ್ಕೆ ಬೀಳದಂತೆ ಕಾಳಿ ನಾಲಗೆ ಚಾಚಬೇಕಾಯಿತು. ಮಾದಕ ದಂಧೆಯ ರಕ್ತವೆಂದರೆ ಹಣ. ಸೈನಿಕ ಖಡ್ಗ ಬೀಸಬಲ್ಲ, ಬೀಸುತ್ತಲೂ ಇದ್ದಾನೆ. ಹಣ ನೆಲಕ್ಕೆ ಬೀಳದಂತೆ ತಡೆಯಬೇಕಾದವರು ಠಾಣೆ, ನ್ಯಾಯಾಲಯ ಮತ್ತು ಬ್ಯಾಂಕುಗಳಲ್ಲಿ ಕುಳಿತಿರುವ ನಮ್ಮಂಥವರು. ನಾವು ಮಾಡಬೇಕಾದ ಕೆಲಸವನ್ನು ಯೋಧನ ಹೆಗಲಿಗೇರಿಸಿ ಅವನನ್ನು ಬಲಿಗೊಡುವುದು ಯಾವ ದೇಶಕ್ಕೂ ಶೋಭೆಯಲ್ಲ.