ದೂರವಿದ್ದೂ ಕೂಡಿದ ಶಿಕ್ಷಕಿಯರು

ಶಿಕ್ಷಕರ ಸಂಘವೆಂದರೆ ವರ್ಷಕ್ಕೊಮ್ಮೆ ನೆರೆದು, ಠರಾವು ಅಂಗೀಕರಿಸಿ, ಉಪಾಹಾರ ಮುಗಿಸಿ ಚದುರುವ ಸಂಸ್ಥೆಯೆಂಬ ಭಾವನೆ ಬಹುಜನರಲ್ಲಿ ಬೇರೂರಿದೆ. ಅದು ಪೂರ್ಣ ಸತ್ಯವಲ್ಲವೆಂಬುದಕ್ಕೆ ಅಮೆರಿಕೆಯ ಡೆಲ್ಟಾ ಕಪ್ಪಾ ಗಾಮಾ ಎಂಬ ಶಿಕ್ಷಕಿಯರ ಸಂಘ ನಿದರ್ಶನ. 1929ರ ಮೇ 11ರಂದು ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಆನಿ ವೆಬ್ ಬ್ಲಾಂಟನ್ ಮತ್ತು 11 ಮಂದಿ ಸಹೋದ್ಯೋಗಿನಿಯರು ಅದನ್ನು ಸ್ಥಾಪಿಸಿದರು. ಇನ್‌ಫ್ಲುಯೆಂಜಾ ಹಬ್ಬಿದ್ದ 1918ರಲ್ಲಿಯೇ ಬ್ಲಾಂಟನ್ನರು ಆ ರಾಜ್ಯದ ಶಿಕ್ಷಣ ಮುಖ್ಯಸ್ಥೆಯಾಗಿ ಚುನಾಯಿತರಾದುದು ಕಾಕತಾಳೀಯ.

2020ರ ಮಾರ್ಚಿಯಲ್ಲಿ ಕೋವಿಡ್ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಸಂಘದ ಶಾಖೆಗಳ ಕೂಟಗಳೂ ನಿಂತವು. ಸದಸ್ಯೆಯರಲ್ಲಿ ನಿವೃತ್ತರು ಅನೇಕರು. ರೋಗದ ಅಪಾಯವೂ ವಯಸ್ಸಾದವರಿಗೇ ಅಧಿಕ. ಶಾಖೆಗಳು ಜೂಮ್ ಪರದೆಯನ್ನು ಆಶ್ರಯಿಸಿದವು. ಶುಲ್ಕ ತೆರದವರ ಸಾಮೂಹಿಕ ಸಭೆಗೆ ಅದರಲ್ಲಿ 40 ನಿಮಿಷಗಳ ಮಿತಿ. ವರದಿ, ಲೆಕ್ಕಪತ್ರಗಳಿಗೆ ಅಷ್ಟು ಸಾಕು, ಬಹುಶಃ ಹೆಚ್ಚೇ ಆಯಿತು! ಸಭೆ ಮುಗಿದ ಮೇಲೆ ಬಾಗಿಲ ಬಳಿ ನಿಂತು ಆಡುವ ಸುಖದುಃಖದ ಮಾತಿಗೆ ಮಾತ್ರ ಪರದೆಯಲ್ಲಿ ಎಡೆಯಿಲ್ಲ.

ದೂರದೂರಿಗೆ ವಲಸೆ ಹೋದ ಸದಸ್ಯೆಯೂ ಪರದೆಯ ಸಭೆಗೆ ಬರಬಹುದೆಂಬುದು ದೊಡ್ಡ ಲಾಭವೇ ಸರಿ. ಆದರೆ ಯಂತ್ರ ಬಳಸಲರಿಯದ ವೃದ್ಧ ಶಿಕ್ಷಕಿ ಅದೇ ಕಾರಣದಿಂದ ಸದ್ದಿಲ್ಲದೆ ಮರೆಯಾಗುತ್ತಾಳೆ. ಹಾಜರಿ ಪುಸ್ತಕ ಬಂದವರನ್ನು ತೋರಿಸುತ್ತದೆ. ಇಂಥ ಕಾಲದಲ್ಲಿ ಕಾರ್ಯದರ್ಶಿ ನೋಡಬೇಕಾದುದು ಬಾರದವರ ಹೆಸರುಗಳನ್ನು. ಅವರಿಗೆ ಒಂದು ದೂರವಾಣಿ ಕರೆ, ಇಲ್ಲವೆ ಕೈಬರಹದ ಕಾಗದ ಸಾಕಾದೀತು. ಅಂಚೆಯ ವೆಚ್ಚವನ್ನು ಸಂಘದ ನಿಧಿಯಿಂದಲೇ ಭರಿಸುವುದು ನ್ಯಾಯ.