ಭಾಗ 3: "ಗಾಡಿ ಓಡೇ ಇಲ್ಲ, ಆಯಿಲ್ ಯಾಕೆ?"

ಹೊಳಲ್ಕೆರೆ ಕಡೆ ಎಷ್ಟೋ ಮನೇಲಿ ಇದೇ ಡೈಲಾಗ್. ಅಡಿಕೆ ಸೀಜನ್ನಲ್ಲಿ ಮಾತ್ರ ಲೋಡ್, ಉಳಿದಂತೆ ತೋಟಕ್ಕೆ ಎರಡು ಕಿಲೋಮೀಟರ್. ನಮ್ಮಪ್ಪಂದೂ ಇದೇ ವಾದ. ತಪ್ಪು ಕಣ್ರೋ!

ಡೀಸೆಲ್ ಉರಿದಾಗ ನೀರಾವಿನೂ ಹುಟ್ಟುತ್ತೆ. ಭೀಮಸಮುದ್ರದ ಮಂಡಿವರೆಗೆ ಓಡಿದ್ರೆ ಆಯಿಲ್ ಚೆನ್ನಾಗಿ ಕಾದು ಆ ನೀರು ಹಾರಿಹೋಗುತ್ತೆ. ತೋಟಕ್ಕೆ ಹೋಗಿ ಆಫ್ ಮಾಡಿದ್ರೆ? ಆಯಿಲ್ ಒಳಗೇ ಉಳಿದು, ಡೀಸೆಲ್ಲಿನ ಗಂಧಕದ ಜೊತೆ ಸೇರಿ ಆಮ್ಲ ಆಗುತ್ತೆ, ಬೇರಿಂಗ್ ತಿನ್ನುತ್ತೆ. ಅದಕ್ಕೇ ಮ್ಯಾನ್ಯುಯಲ್‌ನಲ್ಲಿ ಕಿಲೋಮೀಟರ್ ಪಕ್ಕ ತಿಂಗಳೂ ಇರೋದು, ಯಾವುದು ಮೊದಲೋ ಅದು.

ಬಿಕಾಂ ಮಕ್ಳೇ, ಶೆಡ್ಡಲ್ಲಿ ನಿಂತ ಲಾರಿಗೂ ಡಿಪ್ರಿಸಿಯೇಷನ್ ಬರೀತೀವಲ್ವಾ? ಇದೂ ಅಷ್ಟೇ.

ಹಾಗಂತ ಮೂರು ತಿಂಗಳಿಗೊಮ್ಮೆ ಬದಲಿಸೋದು ದುಡ್ಡು ದಂಡ. ಮ್ಯಾನ್ಯುಯಲ್ ಬೇರೆ ಹೇಳದಿದ್ರೆ ವರ್ಷಕ್ಕೊಂದ್ಸಲ ಸಾಕು. ನಮ್ಮ ಗಾಡಿದು ಮೂರು ವರ್ಷ ಆಯ್ತು! ಭಾನುವಾರ ನಾನೇ ಬೋಲ್ಟ್ ಬಿಚ್ತೀನಿ, ಅಪ್ಪ ಬೈದ್ರೂ ಸರಿ.