ದತ್ತು ಬೇಡ, ಪಾಲು ಕೊಡಿ

ಟಿಳಕವಾಡಿಯ ಕಾಂಗ್ರೆಸ್ ಬಾವಿ ಹತ್ತಿರ ಕುಂತು ಇದನ್ನ ಬರೀತಿದೀನಿ. ಸಿಟ್ಟು ಇನ್ನೂ ಇಳಿದಿಲ್ಲ. ಪೋಸ್ಟ್ ಉದ್ದ ಆದ್ರೆ ಸಹಿಸಿಕೊಳ್ಳಿ.

ನಿನ್ನೆ ಖಾನಾಪುರ ಕಡೆಯ ಒಂದು ಸರ್ಕಾರಿ ಶಾಲೆಗೆ ಹೋಗಿದ್ದೆ. ಅಲ್ಲಿ ಓದೋರು ನಮ್ಮ ಕೇರಿ ಮಕ್ಕಳು, ಗೌಳಿಗರ ಮಕ್ಕಳು, ಕೂಲಿಯವರ ಮಕ್ಕಳು. ಗೇಟಿನ ಮೇಲೆ ಬೋರ್ಡು: ಈ ಶಾಲೆಯನ್ನು ಇಂಥ ವಿಶ್ವವಿದ್ಯಾಲಯ ದತ್ತು ಪಡೆದಿದೆ. ಹೆಸರು ಬರೆಯಲ್ಲ, ಯಾಕಂದ್ರೆ ಇದು ಒಬ್ಬರ ಕಥೆ ಅಲ್ಲ.

"ಏನೇನ್ ಮಾಡ್ಯಾರ್ರಿ ಸರ?" ಅಂತ ಹೆಡ್‌ಮಾಸ್ತರನ್ನ ಕೇಳಿದೆ. "ಗೋಡೆಗೆ ಬಣ್ಣ ಬಳದ್ರು, ಬ್ಯಾಗ್ ಕೊಟ್ರು, ಫೋಟೊ ತಗೊಂಡ್ರು. ನ್ಯಾಕ್ ತಂಡ ಬಂದು ಹೋದ ಮ್ಯಾಲೆ ಯಾರೂ ಬಂದಿಲ್ಲ. ನಾವು ಕೇಳಿದ್ದು ಗಣಿತ ಹೇಳಿಕೊಡೋರನ್ನ."

ಹೊರಗೆ ಬರುವಾಗ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಬ್ಯಾಗಿನ ಮೇಲಿನ ಇಂಗ್ಲಿಷ್ ಅಕ್ಷರ ತೋರಿಸಿ, "ಇದು ಏನ್ ಬರದೈತ್ರಿ?" ಅಂದಳು. ವಿಶ್ವವಿದ್ಯಾಲಯದ ಹೆಸರು ಅಂದೆ. "ಹಂಗಂದ್ರ ಏನ್ರಿ?"

ಗೆಳೆಯರೇ, ಈ ಪ್ರಶ್ನೆಗೆ ಉತ್ತರ ಕೊಡದ ಒಪ್ಪಂದ ಯಾವ ಒಪ್ಪಂದ?

ಯೋಜನೆಗಳಿಗೆ ಬರ ಇಲ್ಲ. 1969ರಿಂದ ಎನ್‌ಎಸ್‌ಎಸ್ ಇದೆ. 2014ರಲ್ಲಿ ಉನ್ನತ ಭಾರತ ಅಭಿಯಾನ ಬಂತು, ಹಳ್ಳಿಗಳನ್ನ ದತ್ತು ತಗೊಳ್ಳಿ ಅಂತು. ಯಡಿಯೂರಪ್ಪ ಮುಖ್ಯಮಂತ್ರಿ ಆಗಿದ್ದಾಗ ಶಿಕ್ಷಣ ಸುಧಾರಣಾ ಸಲಹೆಗಾರ ಪ್ರೊ. ಎಂ.ಆರ್. ದೊರೆಸ್ವಾಮಿ ಅವರು ಖಾಸಗಿ ವಿಶ್ವವಿದ್ಯಾಲಯಗಳು ಸರ್ಕಾರಿ ಶಾಲೆಗಳನ್ನ ದತ್ತು ಪಡೀಲಿ ಅಂದ್ರು. ನ್ಯಾಕ್ ಮೌಲ್ಯಮಾಪನದಲ್ಲಿ 'ವಿಸ್ತರಣಾ ಚಟುವಟಿಕೆ'ಗೂ ಒಡಂಬಡಿಕೆಗೂ ಅಂಕ ಇದೆ. ಅಂದ್ರೆ ನಮ್ಮ ಮಕ್ಕಳ ಬಡತನ ಅವರ ಫೈಲಿನ ಅಂಕ. ಅವರಿಗೆ ಗ್ರೇಡು, ನಮಗೆ ಬ್ಯಾಗು.

ಮೊದಲು ಆ 'ದತ್ತು' ಅನ್ನೋ ಮಾತೇ ಬಿಡಿ. ನಮ್ಮ ಮಕ್ಕಳು ಅನಾಥರಲ್ಲ. ಅವರ ತಾಯಿ ಇವತ್ತೂ ಗದ್ದೆಯಲ್ಲಿ ಬಗ್ಗಿದಾಳೆ. ಅವಳು ತೆರಿಗೆ ಕಟ್ಟಿ ತಂದ ಬೆಂಕಿಪೊಟ್ಟಣದ ದುಡ್ಡಲ್ಲೂ ಈ ವಿಶ್ವವಿದ್ಯಾಲಯಗಳ ಪಾಲಿದೆ. 1998ರಿಂದ ವಿಟಿಯು ನಮ್ಮ ಬೆಳಗಾವಿಯಲ್ಲಿದೆ, 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇದೆ. ಇವು ನಮ್ಮವು. ನಾವು ಕೇಳ್ತಿರೋದು ದಾನ ಅಲ್ಲ, ಲೆಕ್ಕ.

ಈ ಬಾವಿ ಸುತ್ತ 1924ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ಅಧಿವೇಶನ ನಡೀತು. ಅಧ್ಯಕ್ಷ ಗಾಂಧೀಜಿ ಅಸ್ಪೃಶ್ಯತೆ ಬಗ್ಗೆ ಮಾತಾಡಿದ್ರು. ಮರುತಿಂಗಳು, 1925ರ ಜನವರಿಯಲ್ಲಿ, ಬಾಬಾಸಾಹೇಬರ ಬಹಿಷ್ಕೃತ ಹಿತಕಾರಿಣಿ ಸಭಾ ಸೊಲ್ಲಾಪುರದಲ್ಲಿ ನಮ್ಮ ಹುಡುಗರಿಗೆ ಹಾಸ್ಟೆಲ್ ತೆರೀತು. ಒಂದು ಕಡೆ ಭಾಷಣ, ಇನ್ನೊಂದು ಕಡೆ ಊಟ, ಹಾಸಿಗೆ, ಓದೋಕೆ ಜಾಗ. ನೂರು ವರ್ಷ ಆಯ್ತು. ವಿಶ್ವವಿದ್ಯಾಲಯಗಳೇ, ನೀವು ಯಾವ ಕಡೆ?

"ಏನೋ ಒಂದು ಕೊಡ್ತಾರಲ್ಲ, ಯಾಕ್ ಬೈತೀರಿ" ಅನ್ನೋರಿಗೆ ಒಂದು ಮಾತು. 2019ರಲ್ಲಿ ಕರ್ನಾಟಕ ನಿಯಮ ಬದಲಿಸಿ, ಹತ್ತಿರ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ ಅಂತು. ಆ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಇದೇ ಶಾಲೆ. ಇಲ್ಲೂ ನಾಟಕ ಆದ್ರೆ ಮಕ್ಕಳು ಎಲ್ಲಿಗೆ ಹೋಗ್ಬೇಕು?

ನಮ್ಮ ಬೇಡಿಕೆ ಇಷ್ಟು:

1. ಒಪ್ಪಂದ ಕನಿಷ್ಠ ಮೂರು ವರ್ಷದ್ದಿರಲಿ. ಎಸ್‌ಡಿಎಂಸಿಯ ತಾಯಂದಿರೂ ಸಹಿ ಹಾಕಲಿ. ಕನ್ನಡದಲ್ಲಿ, ಮರಾಠಿ ಶಾಲೆಗೆ ಮರಾಠಿಯಲ್ಲೂ ಓದಿ ಹೇಳಿ.

2. ಬಿ.ಎಡ್‌ಗೆ 20 ವಾರಗಳ ಇಂಟರ್ನ್‌ಶಿಪ್ ಇದೆ. ಆ ವಿದ್ಯಾರ್ಥಿಗಳನ್ನ ಕಾಡಂಚಿನ ಶಾಲೆಗೂ ಕಳಿಸಿ, ಬಸ್ಸಿನ ಖರ್ಚು ಕೊಡಿ. ಆದ್ರೆ ಅವರನ್ನ ತೋರಿಸಿ ಖಾಲಿ ಹುದ್ದೆ ಮುಚ್ಚಿಡಬೇಡಿ. ಟ್ರೇನಿ ಬೇರೆ, ಟೀಚರ್ ಬೇರೆ.

3. ನಿಮ್ಮ ಲ್ಯಾಬು, ಲೈಬ್ರರಿ ತಿಂಗಳಿಗೊಮ್ಮೆಯಾದ್ರೂ ನಮ್ಮ ಮಕ್ಕಳಿಗೆ ತೆರೀಲಿ. ಚಪ್ಪಾಳೆ ತಟ್ಟೋಕಲ್ಲ, ಕೈಯಿಟ್ಟು ಕಲಿಯೋಕೆ.

4. ಆ ಶಾಲೆಯಿಂದ ಎಷ್ಟು ಮಕ್ಕಳು ಹೈಸ್ಕೂಲು ಮುಗಿಸಿದ್ರು, ಎಷ್ಟು ಮಂದಿ ನಿಮ್ಮ ಗೇಟು ದಾಟಿದ್ರು ಅಂತ ಪ್ರತಿ ವರ್ಷ ಹೇಳಿ. ಫೋಟೊ ಬೇಡ, ಅಂಕಿ ಬೇಕು.

ನಿಮ್ಮ ಊರಲ್ಲೂ ಇಂಥ ಬೋರ್ಡು ಇದ್ರೆ ಹೋಗಿ ಕೇಳಿ: ಒಪ್ಪಂದದ ಪ್ರತಿ ಎಲ್ಲಿದೆ, ಕೊನೇ ಸಲ ಯಾವಾಗ ಬಂದಿದ್ರು? ಸರ್ಕಾರಿ ವಿಶ್ವವಿದ್ಯಾಲಯ ಆಗಿದ್ರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಸಿಕ್ಕಿದ್ದನ್ನ ಕೆಳಗೆ ಹಾಕಿ, ಮಕ್ಕಳ ಮುಖ ಮಾತ್ರ ಹಾಕಬೇಡಿ.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೇ: "ಅದು ನೀನು ಓದೋಕೆ ಹೋಗೋ ಜಾಗ." ಆ ಮಾತು ಸುಳ್ಳಾಗಬಾರದು.

ಜೈ ಭೀಮ್.